ಹಳ್ಳದ ದಂಡೆ ನಿಲ್ಲುತ್ತಿಲ್ಲವೇ? ಮೊದಲು ತಳ ನೋಡಿ

ಮಳೆಗಾಲ ಕಳೆಯುತ್ತಿದ್ದಂತೆ ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆಯವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ದಂಡೆಗೆ ಗಿಡ ನೆಟ್ಟೆವು, ಬೇಸಿಗೆ ದಾಟಲಿಲ್ಲ. ಹಳ್ಳಕ್ಕೆ ದಿಮ್ಮಿ ಹಾಕಿದೆವು, ಆಶ್ಲೇಷ ಮಳೆಗೆ ಕೊಚ್ಚಿಹೋಯಿತು. ದಿಮ್ಮಿ ಉಳಿಯಿತು, ಅದರ ಪಕ್ಕದ ದಂಡೆಯೇ ಹೋಯಿತು. ಎಲ್ಲರೂ ಶ್ರಮಪಟ್ಟವರೇ. ಇವರಲ್ಲಿ ಬಹಳಷ್ಟು ಮಂದಿ ಸರಿಯಾದ ಮದ್ದನ್ನು ತಪ್ಪಾದ ಜಾಗಕ್ಕೆ ಹಚ್ಚಿರುತ್ತಾರೆ. ದಂಡೆ ಕುಸಿಯುವುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ದಂಡೆಗೆ ಉಪಚಾರ ನಡೆಯುತ್ತದೆ. ತಳ ಇಳಿಯುವುದು ಕಾಣುವುದಿಲ್ಲ, ಆದರೆ ಬಹುಪಾಲು ಹಳ್ಳಗಳಲ್ಲಿ ದೋಷ ಇರುವುದು ಅಲ್ಲೇ.

ಇಲ್ಲಿ ಬರೆದಿರುವುದು ಚಿಕ್ಕ ಹಳ್ಳಗಳಿಗೆ ಮಾತ್ರ: ಬೇಸಿಗೆಯಲ್ಲಿ ಪಂಚೆ ಎತ್ತಿಕಟ್ಟಿ ದಾಟಬಹುದಾದ, ದಂಡೆಯಿಂದ ದಂಡೆಗೆ ಹೆಚ್ಚೆಂದರೆ 15 ಅಡಿ ಅಗಲವಿರುವಂಥವು. ಹೇಮಾವತಿ, ಭದ್ರಾ, ಯಗಚಿಯ ಮುಖ್ಯ ಹೊಳೆಗಳಲ್ಲಿ ದಿಮ್ಮಿ ಇಡುವುದು ನಮ್ಮನಿಮ್ಮ ಕೈಲಿ ಆಗುವ ಕೆಲಸವಲ್ಲ. ಅದಕ್ಕೆ ಎಂಜಿನಿಯರುಗಳ ಲೆಕ್ಕಾಚಾರ ಬೇಕು.

ಮೊದಲ ಪರೀಕ್ಷೆ: ತಳ ಇಳಿದಿದೆಯೇ?

ಸಸಿಯನ್ನೂ ದಿಮ್ಮಿಯನ್ನೂ ಮರೆತು, ಫೆಬ್ರವರಿಯಲ್ಲಿ ಒಮ್ಮೆ ಹಳ್ಳದೊಳಗೆ ಇಳಿದು ಕೆಳಗಿನಿಂದ ಮೇಲಕ್ಕೆ ನಡೆಯಿರಿ. ನೀರು ತಗ್ಗಿ ತಿಳಿಯಾಗಿರುತ್ತದೆ, ತಳ ಕಾಣುತ್ತದೆ.

ದಾರಿಯಲ್ಲಿ ಸಿಗುವ ಮೋರಿಯನ್ನು ನೋಡಿ. ಮೋರಿಯ ಕಾಂಕ್ರೀಟ್ ಹಾಸು ಕೆಳಬದಿಯಲ್ಲಿ ಅಂತರದಲ್ಲಿ ನಿಂತು, ನೀರು ಅಲ್ಲಿಂದ ಧುಮುಕುತ್ತಿದ್ದರೆ, ಮೋರಿ ಕಟ್ಟಿದ ಮೇಲೆ ತಳ ಅಷ್ಟು ಇಳಿದಿದೆ ಎಂದು ಅರ್ಥ. ಕಟ್ಟುವವರು ಯಾರೂ ಹಾಸನ್ನು ಗಾಳಿಯಲ್ಲಿ ಕಟ್ಟಿರುವುದಿಲ್ಲ. ಹಳೆಯ ಅತ್ತಿ, ನೇರಳೆ, ತೊರೆಮತ್ತಿಯ ಬೇರುಗಳು ನೀರಿಗಿಂತ ಎಷ್ಟೋ ಮೇಲೆ ಬರಿದಾಗಿ ಜೋತಾಡುತ್ತಿವೆಯೇ ನೋಡಿ. ಪಂಪ್‌ಸೆಟ್ ಇಟ್ಟಿರುವ ಪ್ಲಾಂಟರುಗಳನ್ನು ಒಂದೇ ಪ್ರಶ್ನೆ ಕೇಳಿ: ನೀರೊಳಗೆ ಇಳಿಬಿಟ್ಟ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಯಾವತ್ತಾದರೂ ಪೈಪು ಸೇರಿಸಿ ಉದ್ದ ಮಾಡಿದ್ದೀರಾ? ಬರೀ ನೀರು ಕಡಿಮೆಯಾಗಿದ್ದಕ್ಕೆ ಪೈಪು ಉದ್ದ ಮಾಡಿದ್ದೂ ಉಂಟು. ಆದರೆ ಮಳೆ ಚೆನ್ನಾಗಿ ಆದ ವರ್ಷವೂ ಹಳೆಯ ಪೈಪು ನೀರಿಗೆ ಎಟುಕದಿದ್ದರೆ ಇಳಿದಿರುವುದು ತಳವೇ.

ಸಕಲೇಶಪುರದ ಹತ್ತಿರ ಹೇಮಾವತಿಗೆ ಸೇರುವ ಒಂದು ಹಳ್ಳದಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲೊಂದಿದೆ. ಒಗೆದು ಒಗೆದು ನಡುಮಧ್ಯ ನುಣ್ಣಗೆ ಸವೆದಿದೆ. ಈಗ ಅದು ಹಳ್ಳದೊಳಗೆ ನಿಂತವರ ಭುಜದ ಎತ್ತರಕ್ಕೆ, ದಂಡೆಯ ಗೋಡೆಯಿಂದ ಅರ್ಧ ಹೊರಗೆ ಚಾಚಿಕೊಂಡು ನಿಂತಿದೆ. ಅದರ ಕೆಳಗೆ ಒಂದು ಪದರ ಬೂದು ಜೇಡಿ, ಜೇಡಿಯ ಕೆಳಗೆ ಗೇಣು ದಪ್ಪದ ದುಂಡುಗಲ್ಲಿನ ಪದರ, ಅದಕ್ಕೂ ಕೆಳಗೆ ಗಟ್ಟಿ ಕೆಂಪು ಮಣ್ಣು. ಹತ್ತಿರದ ಮನೆಯ ಅಜ್ಜಿ ದಂಡೆಯ ಮೇಲೆ ನಿಂತು ಹೇಳಿದ್ದು: "ನಾನು ಮದ್ವೆಯಾಗಿ ಬಂದಾಗ ಈ ಕಲ್ಲಿನ್ ಮೇಲೆ ಕುಂತ್ರೆ ಕಾಲು ನೀರಲ್ಲಿರ್ತಿತ್ತು ಕಣಪ್ಪ." ದುಂಡುಗಲ್ಲಿನ ಆ ಪದರ ಒಂದು ಕಾಲದ ಹಳ್ಳದ ತಳ. ಅದರ ಮಟ್ಟದಿಂದ ಇವತ್ತಿನ ತಳದ ತನಕ ಟೇಪು ಹಿಡಿದರೆ ಎಷ್ಟು ಇಳಿದಿದೆ ಎಂಬುದು ಸಿಕ್ಕಿಬಿಡುತ್ತದೆ. ನಿಮ್ಮ ಹಳ್ಳದ ಗೋಡೆಯಲ್ಲೂ ಇಂಥ ಪದರ ಹುಡುಕಿ.

ತಳ ಇಳಿಯಲು ಕಾರಣಗಳು ಹಲವು. ಗದ್ದೆಯನ್ನು ಅಡಿಕೆ ತೋಟ ಮಾಡುವಾಗ, ಶುಂಠಿಗೆ ಹಸನು ಮಾಡುವಾಗ ಜೆಸಿಬಿ ತಂದು ಅಂಕುಡೊಂಕು ಹಳ್ಳವನ್ನು ನೇರ ಮಾಡುತ್ತಾರೆ. 300 ಅಡಿ ಸುತ್ತಿ 3 ಅಡಿ ಇಳಿಯುತ್ತಿದ್ದ ನೀರು ಈಗ 200 ಅಡಿಯಲ್ಲೇ ಆ 3 ಅಡಿ ಇಳಿಯಬೇಕು. ಇಳಿಜಾರು ನೂರಕ್ಕೆ ಒಂದು ಇದ್ದದ್ದು ಒಂದೂವರೆ ಆಯಿತು, ನೀರಿನ ಕೊರೆಯುವ ಬಲವೂ ಅಷ್ಟೇ ಹೆಚ್ಚಿತು. ಮರಳು ತೆಗೆದರೂ ಇದೇ ಗತಿ. ಬಿದ್ದ ಮರಗಳನ್ನೆಲ್ಲ "ಹಳ್ಳ ಸ್ವಚ್ಛ ಮಾಡೋಣ" ಎಂದು ಎಳೆದುಹಾಕಿದರೂ ಇದೇ ಗತಿ. ಆ ಮರಗಳು ಅಡ್ಡಬಿದ್ದು ನೀರಿನ ವೇಗ ಮುರಿಯುತ್ತಿದ್ದವು, ಹಿಂಬದಿಯಲ್ಲಿ ಮರಳು, ದುಂಡುಗಲ್ಲು ಹಿಡಿದು ತಳವನ್ನು ಎತ್ತರದಲ್ಲಿ ಇಟ್ಟಿದ್ದವು. ಹಳ್ಳದಲ್ಲಿ ಬಿದ್ದ ಮರ ಕಸವೆಂಬ ತಿಳಿವಳಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಅದು ಹೋಗದೆ ಹಳ್ಳ ಸುಧಾರಿಸುವುದು ಕಷ್ಟ.

ಒಮ್ಮೆ ತಳ ಇಳಿದರೆ ಅದು ತಾನಾಗಿ ನಿಲ್ಲುವುದೂ ಇಲ್ಲ. ಮೊದಲೆಲ್ಲ ಜೋರು ಮಳೆಗೆ ಹಳ್ಳ ಉಕ್ಕಿ ಗದ್ದೆ ಬಯಲಿಗೆ ಹರಡುತ್ತಿತ್ತು, ಗೋಡು ಮಣ್ಣು ಬಿಟ್ಟು ಮೆಲ್ಲಗೆ ಇಳಿಯುತ್ತಿತ್ತು. ಈಗ ಆಳದ ಕೊರಕಲಿನಿಂದ ಮೇಲೆ ಬರಲಾರದೆ ಅಷ್ಟೂ ನೀರು ಒಳಗೇ ನುಗ್ಗುತ್ತದೆ, ಇನ್ನಷ್ಟು ಕೊರೆಯುತ್ತದೆ. ದಂಡೆ ಎತ್ತರವಾಗುತ್ತದೆ, ಬುಡ ಸವೆಯುತ್ತದೆ, ಮೇಲಿನ ಮಣ್ಣು ಕಳಚಿ ಬೀಳುತ್ತದೆ. ನೀವು ದಂಡೆಯ ತಲೆಯ ಮೇಲೆ ನೆಟ್ಟ ಸಸಿ ಆ ಹೆಂಟೆಯೊಂದಿಗೇ ಬೀಳುತ್ತದೆ.

ಮೆಟ್ಟಿಲು ಎಲ್ಲಿದೆ?

ನಡೆಯುತ್ತ ಹೋದಂತೆ ತಳದಲ್ಲಿ ಒಂದು ಕಡೆ ಥಟ್ಟನೆ ಒಂದೋ ಎರಡೋ ಅಡಿಯ ಮೆಟ್ಟಿಲು ಸಿಗಬಹುದು. ನೀರು ಅಲ್ಲಿ ಬಿದ್ದು ಕೆಳಗೆ ಗುಂಡಿ ಮಾಡಿರುತ್ತದೆ. ಬಂಡೆಯ ಮೇಲಿದ್ದರೆ ಅದು ಹುಟ್ಟು ಅಬ್ಬಿ, ತೊಂದರೆಯಿಲ್ಲ. ಮಣ್ಣಿನಲ್ಲಿದ್ದರೆ ಅದು ಪ್ರತಿ ಮಳೆಗೂ ಹಿಂದೆ ಹಿಂದೆ ಸರಿಯುತ್ತ ಮೇಲ್ಭಾಗದ ಹಳ್ಳವನ್ನೂ ಇಳಿಸುತ್ತ ಹೋಗುತ್ತದೆ. ಮೆಟ್ಟಿಲಿನ ಕೆಳಗೆ ದಂಡೆ ಎತ್ತರ, ಮೇಲೆ ದಂಡೆ ತಗ್ಗು. ಈ ವ್ಯತ್ಯಾಸ ಕಂಡರೆ ಅನುಮಾನವೇ ಬೇಡ. ಮೆಟ್ಟಿಲಿನ ಪಕ್ಕದ ಮರಕ್ಕೆ ಬಣ್ಣ ಬಳಿದು ಗುರುತು ಮಾಡಿ, ಮುಂದಿನ ಅಕ್ಟೋಬರಿನಲ್ಲಿ ಎಷ್ಟು ಸರಿದಿದೆ ನೋಡಿ.

ಎಲ್ಲಕ್ಕೂ ಮೊದಲು ನಿಲ್ಲಿಸಬೇಕಾದದ್ದು ಇದನ್ನೇ. ಮೆಟ್ಟಿಲಿನ ಮುಖವನ್ನು ಇಳಿಜಾರಾಗಿ ಕಡಿದು, ಕೈಯಲ್ಲಿ ಎತ್ತಲು ಕಷ್ಟವಾಗುವ ಗಾತ್ರದ ಕಾಡುಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಒತ್ತೊತ್ತಾಗಿ ಜೋಡಿಸಿ. ಸಂದಿಗೆ ಸಣ್ಣ ಕಲ್ಲು, ಹುಲ್ಲಿನ ಹೆಂಟೆ ತುಂಬಿ. ಕೆಳಗಿನ ಗುಂಡಿಗೂ ಕಲ್ಲು ಬೀಳಲಿ. ಸಿಮೆಂಟು ಬೇಡ. ಸಿಮೆಂಟಿನ ಹಾಸಿನ ಅಡಿಯಿಂದ ನೀರು ದಾರಿ ಮಾಡಿಕೊಂಡರೆ ಅಷ್ಟೂ ಒಂದೇ ತುಂಡಾಗಿ ಕವುಚಿಕೊಳ್ಳುತ್ತದೆ. ಸಡಿಲ ಕಲ್ಲಾದರೆ ಒಂದು ಸರಿದ ಜಾಗಕ್ಕೆ ಇನ್ನೊಂದು ಕೂರುತ್ತದೆ.

ಆಮೇಲೆ ಕೆಳಭಾಗದ ತಳವನ್ನು ಮೇಲೆತ್ತುವ ಕೆಲಸ. ಇಲ್ಲಿ ಆತುರಪಟ್ಟು ನಾಲ್ಕಡಿ ಎತ್ತರದ ಒಂದೇ ಅಡ್ಡಗಟ್ಟೆ ಹಾಕಿದರೆ ಅದು ಉಳಿಯುವುದಿಲ್ಲ, ಉಳಿದರೂ ಅದರ ಕೆಳಗೆ ಹೊಸ ಗುಂಡಿ ಬೀಳುತ್ತದೆ. ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ ಎತ್ತರದ ಹಲವು ಅಡ್ಡಗಳು ಬೇಕು. ಕೆಳಗಿನ ಅಡ್ಡಕ್ಕೆ ನಿಂತ ನೀರು ಮೇಲಿನ ಅಡ್ಡದ ಬುಡ ಮುಟ್ಟಬೇಕು. ನೂರಡಿಗೆ ಒಂದಡಿ ಇಳಿಜಾರಿದ್ದರೆ ಒಂದಡಿ ಎತ್ತರದ ಅಡ್ಡಗಳ ನಡುವೆ ನೂರಡಿ ಅಂತರ, ಐವತ್ತಡಿಗೆ ಒಂದಡಿ ಇದ್ದರೆ ಐವತ್ತಡಿ. ಇಳಿಜಾರು ಅಳೆಯಲು ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಲೆವೆಲ್ ಪೈಪ್ ಸಾಕು. ಹಿಂಬದಿ ತುಂಬಿಕೊಂಡ ಮೇಲೆ ಅದರ ಮೇಲೆ ಇನ್ನೊಂದು ಸಾಲು. ಇದು ಹಲವು ಮಳೆಗಾಲಗಳ ಕೆಲಸ.

ದಿಮ್ಮಿ ಕೊಚ್ಚಿಹೋಗುತ್ತಿದೆ

ಕೊಚ್ಚಿಹೋದ ದಿಮ್ಮಿ ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೋಗಿ ನೋಡಿ. ಹೆಚ್ಚಾಗಿ ಅದು ಲಾರಿಯಿಂದ ಇಳಿಸಿದ ನಾಟಾದ ಹಾಗೆ ಕೊಂಬೆ ಸವರಿ, ಬುಡ ಕತ್ತರಿಸಿ ನೇರ್ಪುಗೊಳಿಸಿದ ದಿಮ್ಮಿಯಾಗಿರುತ್ತದೆ. ಹಳ್ಳಕ್ಕೆ ಬೇಕಾದದ್ದು ಇದಕ್ಕೆ ಉಲ್ಟಾ. ಬೇರುಬುಡ ಸಹಿತ, ಕೊಂಬೆಗಳ ಮೋಟು ಸಹಿತ ಇರುವ ಮರ ತಳಕ್ಕೆ ಕಚ್ಚಿಕೊಳ್ಳುತ್ತದೆ. ಗಾಳಿಗೆ ಬುಡಮೇಲಾದ ಮರ ತೋಟದಲ್ಲಿ ಸಿಕ್ಕರೆ ಅದೇ ಶ್ರೇಷ್ಠ.

ಎರಡನೆಯದು ಉದ್ದ. ಮಳೆಗಾಲದ ಹಳ್ಳದ ಅಗಲದ ಒಂದೂವರೆಯಷ್ಟು ಉದ್ದವಿದ್ದರೆ ದಿಮ್ಮಿ ತಾನಾಗಿ ಎರಡೂ ದಂಡೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಗಿಡ್ಡವಾದರೆ ಮೂರನೇ ಒಂದು ಪಾಲಾದರೂ, ಸಾಧ್ಯವಾದರೆ ಅರ್ಧ, ದಂಡೆಯೊಳಗೆ ಹೂತು ಮೇಲೆ ಕಲ್ಲು ಹೇರಬೇಕು. ಮೂರನೆಯದು ಜಾತಿ. ಮತ್ತಿ, ಜಂಬೆ ತೂಕದ ಮರಗಳು, ನೀರಲ್ಲಿ ಬಾಳುತ್ತವೆ. ಬೂರುಗ ತೇಲುತ್ತದೆ. ಸಿಲ್ವರ್ ಓಕ್ ಹಗುರ, ಬೇಗ ಲಡ್ಡಾಗುತ್ತದೆ. ಆದರೂ ನಮ್ಮ ತೋಟಗಳಲ್ಲಿ ಧಾರಾಳ ಸಿಗುವುದು ಅದೇ. ಬಳಸಿ, ತಪ್ಪಿಲ್ಲ, ಅದರ ಆಯಸ್ಸು ಕೆಲವೇ ವರ್ಷವೆಂದು ತಿಳಿದು ಜೊತೆಯಲ್ಲೇ ಗಿಡ ಎಬ್ಬಿಸಿ. ಯಾವ ಮರವೇ ಆಗಲಿ ಸದಾ ನೀರಡಿಯಲ್ಲಿದ್ದರೆ ಬಾಳಿಕೆ, ಒಮ್ಮೆ ನೆನೆದು ಒಮ್ಮೆ ಒಣಗುತ್ತಿದ್ದರೆ ಬೇಗ ಹಾಳು. ಆದ್ದರಿಂದ ದಿಮ್ಮಿಯನ್ನು ತಗ್ಗಿನಲ್ಲಿ, ತಳಕ್ಕೆ ಒತ್ತಿ ಇಡಿ. ಇದಕ್ಕಾಗಿ ಕಾಡುಮರ ಕಡಿಯಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕಿಂತ ಮಿಗಿಲಾಗಿ ದಂಡೆಯ ಜೀವಂತ ಮರ ಹಳ್ಳದ ದಿಮ್ಮಿಗಿಂತ ಹೆಚ್ಚು ಕೆಲಸ ಮಾಡುತ್ತಿರುತ್ತದೆ.

ತಂತಿ, ಕೇಬಲ್ ಬಿಗಿಯುವುದು ನನಗೆ ಸಮ್ಮತವಲ್ಲ. ಮರ ಕೊಳೆತ ಮೇಲೂ ತಂತಿ ಉಳಿಯುತ್ತದೆ. ದನದ ಕಾಲಿಗೆ, ನಮ್ಮ ಕಡೆ ಆನೆಯ ಕಾಲಿಗೂ, ಸಿಕ್ಕಿಕೊಳ್ಳುತ್ತದೆ. ದಿಮ್ಮಿಯ ಕೆಳಬದಿಗೆ ಮಣಿಕಟ್ಟು ಗಾತ್ರದ ಗೂಟಗಳನ್ನು ಹೊಡೆದರೆ ಸಾಕು. ಆ ಗೂಟ ಹಾಲವಾಣದ್ದೋ ನೀರವಂಜಿಯದ್ದೋ ಆದರೆ ಚಿಗುರಿ ಬೇರುಬಿಟ್ಟು ಮತ್ತಷ್ಟು ಬಿಗಿಯಾಗುತ್ತದೆ. ಸಂದಿಗೆ ತುಂಬಲು ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರ ಸವರುವಾಗ, ಬಿದ್ದ ಕೊಂಬೆರೆಂಬೆ ಒಳ್ಳೆಯದು. ಮಳೆಗೆ ಮುಂಚೆ ಅದು ರಾಶಿರಾಶಿ ಸಿಗುತ್ತದೆ. ಬಿಳಿಕಾಂಡ ಕೊರಕ ಹೊಡೆದ ಅರೇಬಿಕಾ ಕಾಫಿ ಗಿಡವನ್ನು ಮಾತ್ರ ಇಲ್ಲಿಗೆ ತರಬೇಡಿ. ನೀರಿನ ಮೇಲೆ ಉಳಿದ ಕಾಂಡದಿಂದ ದುಂಬಿ ಹೊರಬಂದು ತೋಟಕ್ಕೆ ಹೋಗುತ್ತದೆ, ಅದನ್ನು ಸುಡುವುದೇ ಸರಿ.

ಎಲ್ಲಿ ಇಡಬಾರದು ಎಂಬುದೂ ಅಷ್ಟೇ ಮುಖ್ಯ. ಮೋರಿಯ ಮೇಲ್ಬದಿಗೆ ಹತ್ತಿರದಲ್ಲಿ, ಸೇತುವೆಗೆ ಹತ್ತಿರ, ಫುಟ್‌ವಾಲ್ವ್ ಗುಂಡಿಯ ಪಕ್ಕ, ಹಳ್ಳ ಉಕ್ಕಿದರೆ ಮನೆ ಅಥವಾ ಕಣಕ್ಕೆ ನೀರು ನುಗ್ಗುವಲ್ಲಿ ಬೇಡ. 2018 ಮತ್ತು 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಣ್ಣುಮರಗಳೆಲ್ಲ ಹಳ್ಳಕ್ಕೆ ಬಂದದ್ದನ್ನು ಮೂಡಿಗೆರೆ, ಸಕಲೇಶಪುರದ ಜನ ಮರೆತಿಲ್ಲ. ದಿಮ್ಮಿ ಎಂದರೆ ಅವರಿಗೆ ಭಯವಿರುವುದು ನ್ಯಾಯವೇ. ಕೆಳಗಿನ ಜಮೀನಿನವರನ್ನು ಕರೆದುಕೊಂಡು ಹೋಗಿ, ಯಾವುದನ್ನು ಎಲ್ಲಿ ಹೂಳುತ್ತೀರಿ ತೋರಿಸಿ, ಪಂಚಾಯಿತಿಗೆ ತಿಳಿಸಿ, ಹಳ್ಳ ಸರ್ಕಾರಿ ಜಾಗವೋ ಅರಣ್ಯವೋ ಎಂದು ನಕ್ಷೆ ನೋಡಿ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ದಿಮ್ಮಿ ಉಳಿಯಿತು, ದಂಡೆ ಹೋಯಿತು

ಇದು ಹೆಚ್ಚಾಗಿ ಕೋನದ ತಪ್ಪು. ಒಂದು ದಂಡೆಯಿಂದ ಹಳ್ಳದ ನಡುವಿಗೆ ಚಾಚಿದ ದಿಮ್ಮಿಯ ತುದಿ ಯಾವ ಕಡೆಗಿದೆ ನೋಡಿ. ನೀರು ದಿಮ್ಮಿಯ ಮೇಲೆ ಹಾಯುವಾಗ ಅದಕ್ಕೆ ಲಂಬವಾಗಿ ತಿರುಗುತ್ತದೆ. ತುದಿ ಕೆಳಹರಿವಿನ ಕಡೆ ಓರೆಯಾಗಿದ್ದರೆ, ಹಾಗೆ ತಿರುಗಿದ ನೀರು ನೇರ ಹೋಗಿ ಹೊಡೆಯುವುದು ದಿಮ್ಮಿ ಹೂತಿರುವ ದಂಡೆಗೇ. ನೀರಿನ ಜೊತೆ ಹೊಂದಿಕೊಂಡು ಹೋಗಲಿ ಎಂದು ಹೀಗಿಡುವುದು ಸಹಜವೆನಿಸುತ್ತದೆ, ಆದರೆ ಫಲ ವಿರುದ್ಧ. ತುದಿ ಮೇಲ್ಹರಿವಿನ ಕಡೆ ಓರೆಯಾಗಿ, ದಂಡೆಗೆ 20ರಿಂದ 30 ಡಿಗ್ರಿ ಕೋನದಲ್ಲಿ ಇರಬೇಕು. ಆಗ ನೀರು ನಡುಹಳ್ಳಕ್ಕೆ ತಿರುಗುತ್ತದೆ. ದಂಡೆಯ ಕಡೆಯ ಬುಡ ಎತ್ತರದಲ್ಲಿ, ನಡುವಿನ ತುದಿ ತಳಕ್ಕೆ ತಾಗುವಂತೆ ಇಳಿಜಾರಾಗಿರಲಿ.

ಕೋನ ಸರಿಯಿದ್ದೂ ದಂಡೆ ಹೋಗಿದ್ದರೆ ಬಿದ್ದ ಹೆಂಟೆಯನ್ನು ಪರೀಕ್ಷಿಸಿ. ಕೆಳಭಾಗ ಗೂಡಾಗಿ ಕೊರೆದು ಮೇಲಿನ ಮಣ್ಣು ಹುಲ್ಲುಸಹಿತ ಮುಂದಕ್ಕೆ ಮಗುಚಿದ್ದರೆ ಅದು ಬುಡ ಸವೆತ, ಬೇರುಬುಡವನ್ನೋ ಕಲ್ಲನ್ನೋ ದಂಡೆಯ ಕಾಲಿಗೆ ಕೊಡಬೇಕು. ದಂಡೆಯ ಅಂಚಿನಿಂದ ಕೆಲವು ಅಡಿ ಹಿಂದೆ ಅಂಚಿಗೆ ಸಮಾನಾಂತರವಾಗಿ ಬಿರುಕಿದ್ದು, ಗೋಡೆಯ ನಡುಮಟ್ಟದಲ್ಲಿ ನೀರು ಜಿನುಗುತ್ತಿದ್ದರೆ ತೊಂದರೆ ಬರುತ್ತಿರುವುದು ಹಳ್ಳದಿಂದಲ್ಲ, ಮೇಲಿನಿಂದ. ತೋಟದ ಬಸಿಗಾಲುವೆಯನ್ನೋ ರಸ್ತೆಯ ಚರಂಡಿಯನ್ನೋ ಅಲ್ಲಿಗೆ ಬಿಟ್ಟಿರುತ್ತಾರೆ. ಆ ನೀರನ್ನು ಬೇರೆಡೆಗೆ ತಿರುಗಿಸದೆ ಎಷ್ಟು ದಿಮ್ಮಿ ಇಟ್ಟರೂ ವ್ಯರ್ಥ. ಅಂಚಿನಲ್ಲೇ ಎತ್ತರದ ಸಿಲ್ವರ್ ಓಕ್ ಸಾಲು ಇದ್ದರೆ ಗಾಳಿಗೆ ಅದು ವಾಲಾಡಿ ನೆನೆದ ದಂಡೆಯನ್ನು ಸಡಿಲಿಸುತ್ತದೆ. ಅಂಥವನ್ನು ಮೇಲಿನಿಂದ ಕತ್ತರಿಸಿ, ಬುಡ ಮಾತ್ರ ಕೀಳಬೇಡಿ.

ಸಸಿ ಸಾಯುತ್ತಿದೆ

ಸತ್ತ ಸಸಿಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ನೆಡುವ ರೂಢಿ ಬಿಡಬೇಕು. ಗುದ್ದಲಿ ತೆಗೆದುಕೊಂಡು ಸುತ್ತ ಅಗೆದು ಸಸಿಯನ್ನು ಮಣ್ಣುಸಹಿತ ಎತ್ತಿ, ಹಳ್ಳದಲ್ಲೇ ತೊಳೆದು ಬೇರು ನೋಡಿ.

ಬೇರು ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಸುತ್ತಿಕೊಂಡು ಉಂಡೆಯಾಗಿದ್ದರೆ ದೋಷ ನರ್ಸರಿಯದ್ದು. ಸಸಿ ಚೀಲದಲ್ಲೇ ಮುದಿಯಾಗಿದೆ. ಬೇರು ನೇರ ಕೆಳಗಿಳಿದಿದೆ, ತುದಿ ಒಣಗಿ ಸುಕ್ಕಾಗಿದೆ, ಅಗೆದ ಗುಂಡಿಯಲ್ಲಿ ಎಷ್ಟು ಆಳಕ್ಕೂ ತೇವ ಸಿಗುತ್ತಿಲ್ಲ ಎಂದರೆ ಮೇಲೆ ಹೇಳಿದ ಮೂಲದೋಷಕ್ಕೇ ಬಂದಿರಿ: ಹಳ್ಳದ ತಳ ಇಳಿದಿದೆ, ಅದರ ಜೊತೆ ಅಂತರ್ಜಲವೂ ಇಳಿದಿದೆ, ದಂಡೆಯ ತಲೆ ಈಗ ಒಣಭೂಮಿ. ಅಲ್ಲಿ ನೀರಂಚಿನ ಗಿಡ ಬದುಕುವುದಿಲ್ಲ. ಬೇರು ಕಪ್ಪಾಗಿ ಕೊಳೆತು ಸಿಪ್ಪೆ ಕಳಚುತ್ತಿದ್ದರೆ ನೀರು ನಿಂತ ಜಾಗ. ಬುಡದ ತೊಗಟೆ ಸುತ್ತಲೂ ಹೋಗಿದ್ದು ಮಣ್ಣಿನ ಲೇಪವಿದ್ದರೆ ಗೆದ್ದಲು. ತುದಿ ಕತ್ತರಿಸಿದಂತಿದ್ದರೆ ಜಿಂಕೆಯೋ ಮೊಲವೋ ದನವೋ. ಬೇರೆಲ್ಲ ಚೆನ್ನಾಗಿದ್ದು ಸಸಿ ಮಾತ್ರ ಹೂಳಿನಡಿ ಮಲಗಿದ್ದರೆ ನೆಟ್ಟ ಕಾಲ ತಡವಾಯಿತು. ಮೃಗಶಿರೆಯಲ್ಲಿ ನೆಟ್ಟ ಗಿಡ ಪುಷ್ಯ, ಆಶ್ಲೇಷದ ಹೊತ್ತಿಗೆ ಬೇರು ಊರಿರುತ್ತದೆ. ಪುನರ್ವಸು ದಾಟಿ ನೆಟ್ಟದ್ದು ಮೊದಲ ನೆರೆಗೇ ಮಲಗುತ್ತದೆ.

ಯಾವ ಗಿಡ ಎಲ್ಲಿ ಎಂಬುದನ್ನು ನಿಮ್ಮ ಹಳ್ಳದಲ್ಲೇ ಇನ್ನೂ ಕೆಡದೆ ಉಳಿದ ಒಂದು ತುಂಡನ್ನು ಹುಡುಕಿ ಅಲ್ಲಿಂದ ಕಲಿಯಿರಿ. ದೇವರಕಾಡಿನ ಒಳಗೆ ಹಾಯುವ ಹಳ್ಳ ಸಿಕ್ಕರೆ ಭಾಗ್ಯ. ಸಾಮಾನ್ಯವಾಗಿ ನೀರಂಚಿಗೆ ನೀರವಂಜಿ, ಮುಂಡುಗ, ಜೊಂಡು, ವಾಟೆ. ಅದರ ಮೇಲೆ ಮಳೆಗಾಲದಲ್ಲಿ ನೀರು ಮುಟ್ಟಿ ಹೋಗುವ ಇಳಿಜಾರಿಗೆ ತೊರೆಮತ್ತಿ, ಅತ್ತಿ, ನೇರಳೆ, ಹೊಂಗೆ. ಇನ್ನೂ ಮೇಲೆ ಹೊಳೆದಂಡೆಯ ಮಿಡಿಮಾವು, ಹೈಗ, ಹಲಸು. ಪೂರ್ವಕ್ಕೆ ಹೋದಂತೆ ಪಟ್ಟಿ ಬದಲಾಗಬೇಕು. ಕಡೂರಿನ ವೇದಾವತಿ, ಅರಸೀಕೆರೆ ಕಡೆಯ ಹಳ್ಳಗಳು ವರ್ಷದ ಬಹುಪಾಲು ಒಣಗಿರುತ್ತವೆ. ಅಲ್ಲಿ ಲಕ್ಕಿ, ಹೊಂಗೆ, ತೊರೆಮತ್ತಿಯೇ ಆಧಾರ, ಹೈಗ ಒಯ್ದು ನೆಟ್ಟರೆ ಹಿಂಸೆ. ಬಿದಿರು ದಂಡೆಗೆ ಒಳ್ಳೆಯದೇ, ಆದರೆ ಆಲೂರು, ಸಕಲೇಶಪುರ, ಬೇಲೂರಿನ ಆನೆ ಓಡಾಡುವ ಊರುಗಳಲ್ಲಿ ಮನೆ, ಕೂಲಿಯವರ ಲೈನುಮನೆಗಳ ಹತ್ತಿರ ನೆಡಬೇಡಿ. ಅದು ಆನೆಗೆ ಊಟ ಬಡಿಸಿಟ್ಟಂತೆ, ಬೆಲೆ ತೆರುವವರು ನಸುಕಿನಲ್ಲಿ ಕೆಲಸಕ್ಕೆ ಹೊರಟ ಕೂಲಿಯವರು.

ನೇರಳೆ, ಹೈಗದ ಬೀಜ ಒಣಗಿದರೆ ಸತ್ತಂತೆಯೇ. ಬಿದ್ದ ಕೆಲವೇ ದಿನಗಳಲ್ಲಿ ಪಾತಿಗೆ ಹಾಕಬೇಕು. ನೀರವಂಜಿ, ಅತ್ತಿ, ಲಕ್ಕಿಗೆ ನರ್ಸರಿಯೇ ಬೇಡ. ಮೇ ಕೊನೆಗೆ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪದ ಕಡ್ಡಿ ಕಡಿದು, ಗಡಾರಿಯಲ್ಲಿ ತೂತು ಮಾಡಿ, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೋಗುವಂತೆ ಇಳಿಸಿ. ಬುಡ ಕೆಳಗೇ ಇರಲಿ, ಸುತ್ತಿಗೆಯಲ್ಲಿ ಹೊಡೆದು ತೊಗಟೆ ಸೀಳಬೇಡಿ. ಕಡ್ಡಿಯ ತಳ ಬೇಸಿಗೆಯ ನೀರಿನ ಮಟ್ಟ ಮುಟ್ಟಿದರೆ ಮಾತ್ರ ಮಾರ್ಚ್ ದಾಟುತ್ತದೆ, ಅದಕ್ಕೆ ಆರಡಿ ಕಡ್ಡಿ ಬೇಕಾದರೆ ಆರಡಿಯದ್ದೇ ಕಡಿಯಿರಿ.

ಲಂಟಾನ, ಯೂಪಟೋರಿಯಂ ಕಳೆ ಮುತ್ತಿಕೊಂಡಿದ್ದರೆ ಇಡೀ ದಂಡೆ ಬೋಳಿಸಬೇಡಿ. ಸಸಿಯ ಸುತ್ತ ಒಂದು ಮಾರು ಬಿಡಿಸಿ ಸಾಕು. ನೆರಳು ಬಂದಮೇಲೆ ಅವೇ ಹಿಂದೆ ಸರಿಯುತ್ತವೆ.

ಗುಂಡಿಗಳೆಲ್ಲ ಹೂಳು

ಕೋಲು ಹಿಡಿದು ಗುಂಡಿಯ ತಳಕ್ಕೆ ಒತ್ತಿ. ಎಷ್ಟು ಇಳಿದ ಮೇಲೆ ಕಲ್ಲಿಗೆ ಟಕ್ಕೆನ್ನುತ್ತದೋ ಅಷ್ಟು ಹೂಳು. ಅದು ಎಲ್ಲಿಂದ ಬಂತೆಂದು ತಿಳಿಯಲು ಬೇಸಿಗೆಯಲ್ಲಿ ಸಾಧ್ಯವಿಲ್ಲ. ಮೊದಲ ಜೋರು ಮಳೆ ಹೊಯ್ಯುವಾಗಲೇ ಕೊಪ್ಪೆ ಹಾಕಿಕೊಂಡು, ಜಿಗಣೆಗೆ ಅಂಜದೆ, ಹಳ್ಳದ ಗುಂಟ ಮೇಲೆ ಹೋಗಬೇಕು. ಪ್ರತಿ ಕವಲಲ್ಲೂ ನಿಂತು ಯಾವುದರ ನೀರು ಹೆಚ್ಚು ಕೆಂಪು ನೋಡಿ ಅದನ್ನೇ ಹಿಡಿದು ನಡೆದರೆ ಕೊನೆಗೆ ಸಿಗುವುದು ಸಾಮಾನ್ಯವಾಗಿ ಒಂದು ಶುಂಠಿ ಹೊಲ, ಇಳಿಜಾರಿಗೆ ನೇರ ತೆಗೆದ ಕಾಲುವೆ, ಅಥವಾ ಹೋಂಸ್ಟೇಗೆಂದು ಗುಡ್ಡ ಕಡಿದ ರಸ್ತೆ. ಕಾಫಿ ತೋಟವಾದರೆ ಗಿಡಗಳ ಸಾಲಿನ ನಡುವೆ ನೀರು, ಮಣ್ಣು ಹಿಡಿಯುವ ತೊಟ್ಟಿಲು ಗುಂಡಿ ತೆಗೆಸುವುದು, ಹಳ್ಳದಂಚಿನಲ್ಲಿ ಹುಲ್ಲು, ಲಾವಂಚದ ಪಟ್ಟಿ ಬಿಡುವುದು ಸುಲಭದ ಪರಿಹಾರ. ಮೇಲೆ ಮಣ್ಣು ನಿಲ್ಲುವ ತನಕ ಕೆಳಗೆ ಹೂಳೆತ್ತಿಸಬೇಡಿ. ಜೆಸಿಬಿ ಬಂದರೆ ತಳ ಮತ್ತೆ ಇಳಿಯುತ್ತದೆ, ಮೊದಲಿನಿಂದ ಶುರು.

ಫೆಬ್ರವರಿಗೇ ಹರಿವು ನಿಲ್ಲುತ್ತಿದೆ

ಕಾಡು ಕಡಿಮೆಯಾಯಿತು, ಮಳೆ ಕೈಕೊಟ್ಟಿತು ಎನ್ನುವ ಮೊದಲು ಒಂದು ಲೆಕ್ಕ ಮಾಡಿ. ಹಳ್ಳದ ನೇರ ತುಂಡೊಂದರಲ್ಲಿ ಅಗಲ, ಸರಾಸರಿ ಆಳ ಮೀಟರಿನಲ್ಲಿ ಅಳೆಯಿರಿ. ನಿಂಬೆಹಣ್ಣೊಂದನ್ನು ತೇಲಿಬಿಟ್ಟು ಹತ್ತು ಮೀಟರ್ ಹೋಗಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. ಒಣ ಎಲೆ ಗಾಳಿಗೆ ಓಡುತ್ತದೆ, ನಿಂಬೆ ಮುಕ್ಕಾಲು ಮುಳುಗಿ ನೀರಿನ ಜೊತೆಯೇ ಸಾಗುತ್ತದೆ. ಹತ್ತನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ. ಅಗಲ, ಆಳ, ವೇಗ ಮೂರನ್ನೂ ಗುಣಿಸಿ, ಮೇಲ್ಮೈ ನೀರು ತಳದ್ದಕ್ಕಿಂತ ಬೇಗ ಓಡುವುದರಿಂದ ಐದನೇ ಒಂದು ಪಾಲು ಕಳೆದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಒಂದು ಘನ ಮೀಟರ್ ಸಾವಿರ ಲೀಟರ್.

ಸೆಕೆಂಡಿಗೆ ಒಂದು ಲೀಟರ್ ಹರಿಯುವ ಹಳ್ಳ ದಿನಕ್ಕೆ 86,400 ಲೀಟರ್ ಕೊಡುತ್ತದೆ. ರೊಬಸ್ಟಾ ಕಾಫಿಯ ಹೂವಿಗೆ ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಿದರೆ ಒಂದು ಲಕ್ಷ ಲೀಟರಿಗೂ ಮೇಲೆ ಬೇಕು. ಹೂ ಮಳೆ ಬರಲಿಲ್ಲವೆಂದು ಫೆಬ್ರವರಿ, ಮಾರ್ಚಿನಲ್ಲಿ ಹಳ್ಳದ ಉದ್ದಕ್ಕೂ ಸ್ಪ್ರಿಂಕ್ಲರ್ ಒಟ್ಟಿಗೆ ತಿರುಗುತ್ತವೆ. ಹಳ್ಳ ಬತ್ತುವುದು ಹಾಗೆ. ಬೆಳಗ್ಗೆ ಪಂಪ್ ಶುರುವಾಗುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ವ್ಯತ್ಯಾಸ ಬರೆದಿಡಿ. ಆ ಎರಡು ಅಂಕಿ ಇಟ್ಟುಕೊಂಡು ನೆರೆಯ ತೋಟದವರ ಜೊತೆ ಕೂತರೆ ಸರದಿ ಮೇಲೆ ಪಂಪ್ ಹಾಕುವ ಮಾತು ಸಲೀಸಾಗಿ ಆಗುತ್ತದೆ. ಮಳೆಗಾಲದಲ್ಲಿ ತುಂಬಿಸಿಕೊಳ್ಳುವ ಕೃಷಿಹೊಂಡ ಹಳ್ಳದ ಪಾತ್ರದ ಹೊರಗಿದ್ದರೆ ಇನ್ನೂ ಉತ್ತಮ.

ಡಿಸೆಂಬರಿಗೆ ನಾತ, ಕಪ್ಪು ನೀರು

ಕಾಫಿ ಕೊಯ್ಲಿನ ಕಾಲಕ್ಕೆ ಶುರುವಾಗಿ ಮಾರ್ಚಿಗೆ ಹೋಗುವ ನಾತವಾದರೆ ಅದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಬಂದ ನೀರು. ಹಣ್ಣಿನ ಸಕ್ಕರೆ, ಲೋಳೆ ಹುಳಿತು ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ, ನೀರು ಹುಳಿಯಾಗುತ್ತದೆ. ಪಿಎಚ್ ಕಾಗದ ಅದ್ದಿದರೆ ಗೊತ್ತಾಗುತ್ತದೆ. ಗಿಡ, ದಿಮ್ಮಿ ಯಾವುದೂ ಇದಕ್ಕೆ ಮದ್ದಲ್ಲ. ತೋಟದಲ್ಲೇ ಗುಂಡಿ ಮಾಡಿ, ಸುಣ್ಣ ಹಾಕಿ, ಹಳ್ಳಕ್ಕೆ ಬಿಡದಂತೆ ತಡೆಯುವುದೊಂದೇ ದಾರಿ.

ಎಲ್ಲ ಸರಿಹೋಯಿತು, ಮೀನು ಮಾತ್ರ ಬರಲಿಲ್ಲ

ದಂಡೆ ಹಸಿರಾಯಿತು, ದಿಮ್ಮಿಯ ಕೆಳಗೆ ಸೊಂಟದಾಳದ ಗುಂಡಿಯಾಯಿತು, ಕಲ್ಲು ಮಗುಚಿದರೆ ಅಡಿಯಲ್ಲಿ ಬಾಲ ಮೂರೆಳೆಯ ಹುಳು ಕಾಣುತ್ತದೆ. ನೀರು ಚೆನ್ನಾಗಿದ್ದಲ್ಲೇ ಅದು ಇರುವುದು. ಆದರೂ ಮೀನಿಲ್ಲ. ಆಗ ಕೆಳಗಿನ ಮೋರಿಗೆ ವಾಪಸು ಹೋಗಿ. ಮೊದಲ ಮಳೆಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹತ್ತುವ ಮೀನು, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವುದು ಮೊಟ್ಟೆಯಿಡಲು. ಮೋರಿಯ ಹಾಸು ನೀರಿಗಿಂತ ಎರಡಡಿ ಮೇಲಿದ್ದರೆ, ಅಥವಾ ಸಿಮೆಂಟಿನ ಮೇಲೆ ನೀರು ಬೆರಳಿನ ದಪ್ಪಕ್ಕೆ ತೆಳ್ಳಗೆ ಜಾರುತ್ತಿದ್ದರೆ, ಅವು ಅಲ್ಲೇ ಗುಂಡಿಯಲ್ಲಿ ಕಿಕ್ಕಿರಿದು ನಿಲ್ಲುತ್ತವೆ. ಬಲೆ ಹಿಡಿದವರಿಗೂ ಅದೇ ಜಾಗ ಗೊತ್ತಿರುತ್ತದೆ.

ಮೋರಿ ಒಡೆಯುವುದು ಬೇಡ. ಅದರ ಕೆಳಬದಿಗೆ ದೊಡ್ಡ ಕಲ್ಲುಗಳ ಇಳಿಜಾರು ಕಟ್ಟಿ ನೀರನ್ನು ಹಾಸಿನ ಮಟ್ಟಕ್ಕೆ ಎತ್ತಿ. ಒಂದು ಮೆಟ್ಟಿಲು ಅರ್ಧ ಅಡಿ ಮೀರದಿರಲಿ. ಪ್ರತಿ ಮೆಟ್ಟಿಲ ಹಿಂದೆ ಮೀನು ದಣಿವಾರಿಸಿಕೊಳ್ಳಲು ಒಂದು ಪುಟ್ಟ ಗುಂಡಿ ಇರಲಿ. ಕಲ್ಲುಗಳನ್ನು ನಡುವಿನಲ್ಲಿ ಕೊಂಚ ತಗ್ಗಿಸಿ ಜೋಡಿಸಿ, ಆಗ ನೀರು ಕಡಿಮೆಯಾದಾಗಲೂ ಒಂದೇ ಧಾರೆಯಾಗಿ ಹರಿಯುತ್ತದೆ. ಮೋರಿ ಲೋಕೋಪಯೋಗಿ ಇಲಾಖೆಯದ್ದೋ ಪಂಚಾಯಿತಿಯದ್ದೋ ಕೇಳಿ ಒಪ್ಪಿಗೆ ತೆಗೆದುಕೊಂಡು, ಏಪ್ರಿಲ್‌ನಲ್ಲಿ ನೀರು ತೀರ ತಗ್ಗಿದಾಗ ಕೆಲಸ ಮುಗಿಸಿ. ರೋಹಿಣಿ ಮಳೆ ಬೀಳುವ ಹೊತ್ತಿಗೆ ಕಲ್ಲಿನ ಸಂದಿಗಳು ಜಲ್ಲಿ, ಮರಳಿನಿಂದ ಭರ್ತಿಯಾಗಿರಬೇಕು. ಇಲ್ಲವಾದರೆ ನೀರು ಕಲ್ಲಿನ ಮೇಲೆ ಬಾರದೆ ಅಡಿಯಲ್ಲೇ ನುಸುಳಿ ಹೋಗುತ್ತದೆ, ಮೀನಿಗೆ ದಾರಿ ಸಿಗುವುದಿಲ್ಲ.